ದವಡೆಯ ಅಳತೆ

ಜೂನ್ 4, ಸಂಜೆ ಆರೂವರೆ

ಪ್ರೀತಿಯ ಗಡಿಬಿಡಿಗೆ,

ಈಗಷ್ಟೇ ಮನೆ ಸೇರಿದೆ. ಬೆಳಿಗ್ಗೆ ಎಂಟಕ್ಕೆ ಹೊರಟವಳು. ಸ್ಕ್ಯಾನ್ ಮುಗಿಯಿತು. ನಿನ್ನ ಅಣ್ಣ ಹೋದ ಮೇಲೆ ಒಬ್ಬಳೇ ಆಸ್ಪತ್ರೆಗೆ ಹೋದದ್ದು ಇದೇ ಮೊದಲು. ಚೀಟಿಯನ್ನು ಯಾವ ಕಿಟಕಿಯಲ್ಲಿ ಕೊಡಬೇಕೆಂದು ತಿಳಿಯದೆ ಎರಡು ಸಾಲಿನಲ್ಲಿ ನಿಂತೆ. ಎರಡನೆಯದು ಹೆರಿಗೆಯವರ ಸಾಲು. ಮುಂದಿದ್ದ ಹುಡುಗಿ ನನ್ನ ಹೊಟ್ಟೆ ನೋಡಿ, ಮುಖ ನೋಡಿ, ಪಾಪ ಏನೂ ಕೇಳಲಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು, ಆದರೆ ನನ್ನ ಮಾತು ನಿನಗೆ ತಿಳಿಯುವುದಿಲ್ಲ. ಗಂಟಿನ ಜೊತೆ ಎಡ ದವಡೆಯ ಮೂಳೆಯನ್ನೂ ತೆಗೆದು ಲೋಹದ ಪಟ್ಟಿ ಕೂರಿಸಿ ಎರಡು ವರ್ಷವಾಯಿತು. ಫೋನ್ ಎತ್ತಿದರೆ ಆಚೆಯವರು "ಯಾರು, ಯಾರು" ಎನ್ನುತ್ತಾರೆ. ಕಾಗದದಲ್ಲಿ ನನ್ನ ಮಾತು ಓರೆಯಾಗುವುದಿಲ್ಲ.

ಸ್ಕ್ಯಾನ್ ಮಾಡುವವನು ಒಳ್ಳೆಯವನು. "ಬಾಯಲ್ಲಿ ಏನಾದ್ರೂ ಇದೆಯಾ ಅಮ್ಮಾ? ಹಲ್ಲಿನ ಸೆಟ್ಟು, ಕಿವೀಲಿ ಓಲೆ, ಕೂದಲಲ್ಲಿ ಪಿನ್ನು?" ಎಂದ. ಇಲ್ಲವೆಂದು ತಲೆಯಾಡಿಸಿದೆ. "ಹಲ್ಲು ಕಚ್ಚಿ ಹಿಡ್ಕೊಳ್ಳಿ, ಅಲ್ಲಾಡ್ಬೇಡಿ. ಫೋಟೋ ಸ್ಟುಡಿಯೋಗೆ ಬಂದಿದ್ದೀನಿ ಅಂದ್ಕೊಳ್ಳಿ" ಎಂದ. ಸ್ಟುಡಿಯೋದಲ್ಲಿ ಮಲಗಿಸ್ತಾರೇನಪ್ಪಾ ಎಂದು ಕೇಳಬೇಕೆನಿಸಿತು, ಹಲ್ಲು ಕಚ್ಚಿದ್ದೆನಲ್ಲ. ಆಮೇಲೆ ಕಾಲುಗಳ ಚಿತ್ರವನ್ನೂ ತೆಗೆದರು. ಸೂಜಿಮದ್ದು ಹೋದಾಗ ಮೈಯೊಳಗೆ ಬಿಸಿನೀರು ಹರಿದ ಹಾಗಾಯಿತು.

ಜುಲೈ ಎರಡಕ್ಕೆ ದಿನ ಕೊಟ್ಟಿದ್ದಾರೆ. ಎಡಗಾಲಿನ ತೆಳ್ಳನೆಯ ಮೂಳೆಯನ್ನು ತೆಗೆದು ಪಟ್ಟಿಯ ಜಾಗದಲ್ಲಿ ಇಡುತ್ತಾರಂತೆ. ಆ ದಿನ ದಾಟಬಾರದು ಎಂದರು ಡಾಕ್ಟರು. ಪಟ್ಟಿಯ ಮೇಲಿನ ಚರ್ಮ ತೆಳುವಾಗಿದೆ. ಅದು ಹೊರಗೆ ಬಂದು ಕೀವು ಕಟ್ಟಿದರೆ ಆರೆಂಟು ತಿಂಗಳು ಯಾವ ಮೂಳೆಯನ್ನೂ ಇಡಲಾಗದಂತೆ. ಚಿತ್ರಗಳು ನಿನ್ನ ಕಚೇರಿಗೇ ಬರುತ್ತವೆ ಎಂದು ಕೇಳಿ ಧೈರ್ಯ ಬಂತು.

ನಾಳೆ ಆರು ಅಂಗಿಗೆ ಕಾಜಾ ಹಾಕಬೇಕು.

ಇಂತಿ,
ನಿನ್ನ ಅತ್ತಿಗೆ

* * *

ಜೂನ್ 9

ಅತ್ತಿಗೆಗೆ,

ನಿಮ್ಮ ಪತ್ರ ಇವತ್ತು ಬಂತು, ಚಿತ್ರಗಳು ಮೊನ್ನೆಯೇ ಬಂದಿದ್ದವು. ನಮ್ಮಲ್ಲಿಗೆ ಬರುವ ಚಿತ್ರಕ್ಕೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೂ ಊರು, ವಯಸ್ಸು, ಎಡಗಡೆಯ ಪಟ್ಟಿ ನೋಡಿದ ಕೂಡಲೇ ನಿಮ್ಮದೆಂದು ತಿಳಿಯಿತು. ಮನೆಯವರ ಕೆಲಸವನ್ನು ನಾವೇ ಮಾಡಬಾರದೆಂಬ ನಿಯಮವಿದೆ. ನಮ್ಮ ಮೇಡಂಗೆ ನಾನು ಹೇಳಿಲ್ಲ. ನೀವೂ ಅಲ್ಲಿ ಹೇಳಬೇಡಿ. ಅಣ್ಣನಿಗಾಗಿ ನನ್ನಿಂದ ಏನೂ ಮಾಡಲಾಗಲಿಲ್ಲ, ಇದನ್ನಾದರೂ ನನ್ನ ಕೈಯಿಂದಲೇ ಮಾಡುತ್ತೇನೆ.

ಏನು ಮಾಡುತ್ತೇವೆಂದು ನೀವು ಎಷ್ಟೋ ಸಲ ಕೇಳಿದ್ದಿರಿ. ನಿಮ್ಮ ಬಲ ದವಡೆ ಚೆನ್ನಾಗಿದೆ. ಕಂಪ್ಯೂಟರಿನಲ್ಲಿ ಅದನ್ನು ಕನ್ನಡಿಗೆ ಹಿಡಿದಂತೆ ತಿರುಗಿಸಿ ಎಡಗಡೆ ಇಡುತ್ತೇನೆ. ಆ ಆಕಾರ ಬರಬೇಕಾದರೆ ಕಾಲಿನ ಮೂಳೆಯನ್ನು ಎಲ್ಲಿ, ಎಷ್ಟು ಓರೆಯಾಗಿ ಕತ್ತರಿಸಬೇಕೆಂದು ಲೆಕ್ಕ ಹಾಕಿ, ಅದಕ್ಕೊಂದು ಪ್ಲಾಸ್ಟಿಕ್ ಅಚ್ಚು ಮಾಡುತ್ತೇವೆ. ಡಾಕ್ಟರು ಅದನ್ನು ಮೂಳೆಯ ಮೇಲೆ ಕೂರಿಸಿ ಅದರ ಸೀಳಿನಲ್ಲೇ ಗರಗಸ ಆಡಿಸುತ್ತಾರೆ. ನೀವು ಬಟ್ಟೆಯ ಮೇಲೆ ಪೇಪರ್ ಕಟಿಂಗ್ ಇಟ್ಟು ಕತ್ತರಿ ಹಾಕುವ ಹಾಗೆಯೇ. ಪಕ್ಕದ ಮೇಜಿನವನು ನನ್ನನ್ನು ಮೂಳೆ ದರ್ಜಿ ಎಂದೇ ಕರೆಯುವುದು.

ಒಂದು ಫಾರಂ ತುಂಬಬೇಕಿದೆ, ಅದಕ್ಕೆ ಕೇಳುತ್ತೇನೆ, ಗಾಬರಿಯಾಗಬೇಡಿ. ತೂಕ ಇಳಿದಿದೆಯೇ? ಎಡಗೆನ್ನೆಯ ಒಳಗೆ ನಾಲಿಗೆಗೆ ಏನಾದರೂ ತಾಗುತ್ತದೆಯೇ? ಕೆನ್ನೆ ಊದಿದಂತಿದೆಯೇ? ಸ್ಕ್ಯಾನ್ ಮಾಡುವಾಗ ಹಲ್ಲನ್ನು ಪೂರ್ತಿ ಕಚ್ಚಿದ್ದಿರಾ?

ಬೇಗ ಬರೆಯಿರಿ.

ನಿಮ್ಮ,
ಗಡಿಬಿಡಿ

* * *

ಜೂನ್ 13, ಮಧ್ಯಾಹ್ನ ಮೂರು

ಪ್ರೀತಿಯ ಗಡಿಬಿಡಿಗೆ,

ಇವತ್ತು ಬೆಳಿಗ್ಗೆಯಿಂದ ಒಂದು ಕೋಟಿನ ತೋಳು ಬಿಚ್ಚಿ ಮತ್ತೆ ಕೂರಿಸಿದೆ. ಈಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದೇನೆ.

ಫಾರಂ ಅಂತೀಯ. ನಾನು ಸರಿಯಾಗಿ ಊಟ ಮಾಡುತ್ತೇನೋ ಇಲ್ಲವೋ ಎಂದು ಸುತ್ತಿ ಬಳಸಿ ಕೇಳುವುದು ನಿಮ್ಮ ಮನೆಯವರಿಗೆಲ್ಲ ರೂಢಿ, ನಿನ್ನ ಅಣ್ಣನೂ ಹಾಗೇ. ಅಗಿಯಲು ಒಂದೇ ಕಡೆ ಇರುವುದರಿಂದ ಹಾಲು, ಬ್ರೆಡ್ಡು, ಸೂಪು ನಡೆಯುತ್ತದೆ. ನನ್ನ ಅಂಗಿಗಳನ್ನೆಲ್ಲ ಎರಡೂ ಪಕ್ಕೆಯಲ್ಲಿ ಒಂದೊಂದು ಬೆರಳು ಒಳಗೆ ಹಿಡಿದಿದ್ದೇನೆ, ಅಷ್ಟೇ. ಕೊರಗಿ ಸೊರಗಿದ್ದೇನೆ ಎಂದು ತಿಳಿಯಬೇಡ.

ಮುಖ ಮಾತ್ರ ತುಂಬಿಕೊಂಡಿದೆ. ಸುಳ್ಳಲ್ಲ. ಮೊನ್ನೆ ದಿನಸಿ ಅಂಗಡಿಯವಳು, "ಏನಕ್ಕಾ, ಎಡಗೆನ್ನೆ ದುಂಡಗಾಗ್ತಾ ಇದೆ, ಗುಟ್ಟಾಗಿ ಸಿಹಿ ತಿಂತಿದ್ದೀರಾ ಹೇಗೆ?" ಎಂದು ನಕ್ಕಳು. ಎರಡು ವರ್ಷದಿಂದ ನನ್ನ ಮುಖದ ಬಗ್ಗೆ ಯಾರೂ ನಗುತ್ತಾ ಮಾತಾಡಿರಲಿಲ್ಲ. ಆ ದಿನವೆಲ್ಲ ಮನಸ್ಸು ಹಗುರವಾಗಿತ್ತು.

ನಾಲಿಗೆಗೆ ಏನೂ ತಾಗುವುದಿಲ್ಲ. ಹಲ್ಲನ್ನು ಪೂರ್ತಿ ಕಚ್ಚಿದ್ದೆ. ಫಾರಮ್ಮಿನಲ್ಲಿ ಹಾಗೆಯೇ ಬರಿ.

ನಾಳೆ ಕೋಟಿನವರು ಬರುತ್ತಾರೆ.

ನಿನ್ನ ಅತ್ತಿಗೆ

* * *

ಜೂನ್ 17

ಅತ್ತಿಗೆಗೆ,

ನಿನ್ನೆ ಮೂರು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಮಾತಾಡುವುದು ಬೇಡ, ಎತ್ತಿ ಸುಮ್ಮನೆ ಕೇಳಿಸಿಕೊಂಡರೂ ಸಾಕಿತ್ತು.

ಇನ್ನೊಂದು ಸಲ ಸ್ಕ್ಯಾನ್ ಮಾಡಿಸಬೇಕು. ಪತ್ರ ಸಿಕ್ಕಿದ ದಿನವೇ ಹೋಗಿ. ಹಾಗೆಯೇ ಡಾಕ್ಟರನ್ನು ಕಂಡು ಎಡಗೆನ್ನೆ ತೋರಿಸಿ, ಕೈಯಿಂದ ಒತ್ತಿ ನೋಡಲು ಹೇಳಿ. ಯಂತ್ರದ್ದೇ ಏನೋ ತೊಂದರೆಯಿರಬೇಕು. ನಾನು ಹಾಕಿದ ಲೆಕ್ಕದಲ್ಲಿ ನಿಮ್ಮ ಹಲ್ಲುಗಳು ಕೂಡುತ್ತಿಲ್ಲ, ಕೆಳದವಡೆ ಮೂರು ಮಿಲಿಮೀಟರು ಬಲಕ್ಕೆ ಸರಿದಿದೆ. ಇದರ ಮೇಲೆ ಅಚ್ಚು ಮಾಡಿದರೆ ಹೊಸ ಮೂಳೆಯೂ ಆ ಓರೆಯಲ್ಲೇ ಕೂರುತ್ತದೆ. ಅಳತೆ ತೆಗೆಯುವಾಗ ತಪ್ಪಿದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೇನು, ನಿಮಗೆ ನಾನು ಹೇಳಬೇಕೇ? ಬಟ್ಟೆಯಾದರೆ ಬಿಚ್ಚಬಹುದು. ಇದನ್ನು ಬಿಚ್ಚಲಾಗದು.

ತೂಕ ಇಳಿದ ವಿಷಯವನ್ನೂ ಡಾಕ್ಟರಿಗೆ ಹೇಳಿ. ಮರೆಯಬೇಡಿ.

ಗಡಿಬಿಡಿ

* * *

ಜೂನ್ 20, ಬೆಳಿಗ್ಗೆ ಹತ್ತು

ಗಡಿಬಿಡಿಗೆ,

ಮಷಿನ್‌ಗೆ ಎಣ್ಣೆ ಹಾಕಿಟ್ಟು ಬರೆಯುತ್ತಿದ್ದೇನೆ. ಇವತ್ತು ಹೊಲಿಯಲು ಕೂತಿಲ್ಲ.

ಮತ್ತೆ ಆ ಕೋಣೆಗೆ ನಾನು ಹೋಗುವುದಿಲ್ಲ. ಕಳೆದ ಜುಲೈನಲ್ಲಿ ನಿನ್ನ ಅಣ್ಣನಿಗೆ ಎದೆಯುರಿ ಎಂದು ಕರೆದುಕೊಂಡು ಹೋದಾಗ, "ಒಂದು ಸಣ್ಣ ಪರೀಕ್ಷೆ, ಈಗ ಬಂದ್ಬಿಡ್ತಾರೆ, ಇಲ್ಲೇ ಕೂತಿರಿ" ಎಂದರು. ಅವರ ಚಪ್ಪಲಿ, ಕನ್ನಡಕ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನಾಲ್ಕು ಗಂಟೆಯಾದ ಮೇಲೆ ಯಾರೋ ಬಂದು ಹೇಳಿದರು. ಅದಕ್ಕೇ ನನಗೆ ಸಣ್ಣ ಪರೀಕ್ಷೆ, ಇನ್ನೊಂದು ಸಲ, ಯಂತ್ರದ ತೊಂದರೆ, ಈ ಮಾತುಗಳೆಂದರೆ ಆಗುವುದಿಲ್ಲ. ಒಂದು ಸಲ ಗಟ್ಟಿ ಮನಸ್ಸು ಮಾಡಿ ಹೋಗಿ ಮಲಗಿ ಬಂದೆ. ಅಷ್ಟೇ ನನ್ನ ಕೈಲಾದದ್ದು.

ನೀನು ಓದಿದವಳು. ಮೂರು ಮಿಲಿಮೀಟರನ್ನು ಅಲ್ಲೇ ಸರಿಮಾಡಲು ಬರುವುದಿಲ್ಲವೇ? ನಾನು ಎಂಟನೇ ಕ್ಲಾಸು ಓದಿದವಳು, ಗಿರಾಕಿಯ ಹೆಗಲು ಓರೆಯಿದ್ದರೆ ಕತ್ತರಿಯಲ್ಲೇ ಸರಿಮಾಡುತ್ತೇನೆ, ಅವರನ್ನು ಮತ್ತೆ ಕರೆಸುವುದಿಲ್ಲ.

ಹೊರಗಡೆ ಏನೂ ಆಗಿಲ್ಲ. ಚರ್ಮ ಚೆನ್ನಾಗಿದೆ. ಜುಲೈ ಎರಡಕ್ಕೆ ನಾನು ಸಿದ್ಧಳಿದ್ದೇನೆ.

ಇವತ್ತಿನ ಅಂಚೆ ಹೋಯಿತು, ನಾಳೆ ಹಬ್ಬದ ರಜೆ, ಇದು ನಾಡಿದ್ದು ಹೊರಡುತ್ತದೆ.

ಅತ್ತಿಗೆ

* * *

ಜೂನ್ 23

ಅತ್ತಿಗೆಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯಲು ದಿನವಿಲ್ಲ. ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ಕೂತುಕೊಂಡು ಓದಿ.

ಯಂತ್ರದ ತೊಂದರೆ ಎಂದದ್ದು ಸುಳ್ಳು. ಫಾರಂ ಎಂದದ್ದೂ ಸುಳ್ಳು. ನಿಮ್ಮ ಎಡಗೆನ್ನೆಯೊಳಗೆ, ಪಟ್ಟಿಗೆ ಅಂಟಿಕೊಂಡಂತೆ, ನೆಲ್ಲಿಕಾಯಿಗಿಂತ ದೊಡ್ಡದೊಂದು ನೆರಳಿದೆ. ಒಳಗೆಲ್ಲ ಸಣ್ಣ ಸಣ್ಣ ತೂತುಗಳಿದ್ದಂತೆ ಕಾಣುತ್ತದೆ. ಸ್ಕ್ಯಾನ್ ಓದುವ ಡಾಕ್ಟರು ಮೂಳೆ, ರಕ್ತನಾಳಗಳ ಬಗ್ಗೆ ಒಂದು ಪುಟ ಬರೆದು, ಕೊನೆಯಲ್ಲಿ ಒಂದೇ ಸಾಲು ಬರೆದಿದ್ದಾರೆ: ಕೆನ್ನೆಯ ಮೃದು ಭಾಗದಲ್ಲಿ ನೆರಳು, ಚಿಕಿತ್ಸೆ ಮಾಡುವವರು ಪರೀಕ್ಷಿಸಿ ತೀರ್ಮಾನಿಸುವುದು. ಆ ಸಾಲನ್ನು ನಾನು ಮೊದಲ ದಿನವೇ ಓದಿದೆ.

ಓದಿ ಹದಿನಾರು ದಿನ ಯಾರಿಗೂ ಹೇಳಲಿಲ್ಲ. ನಾನು ಡಾಕ್ಟರಲ್ಲ, ಅದು ಏನೆಂದು ಹೇಳಲು ನನಗೆ ಬರುವುದಿಲ್ಲ. ಹಳೆಯ ಗಂಟು ಮತ್ತೆ ಬಂದಿರಬಹುದು ಎಂದಷ್ಟೇ ಗೊತ್ತಾಗುತ್ತದೆ. ಹೇಳಿದರೆ ಶಸ್ತ್ರಚಿಕಿತ್ಸೆ ನಿಲ್ಲುತ್ತದೆ, ಅಷ್ಟರಲ್ಲಿ ಪಟ್ಟಿ ಹೊರಬರುತ್ತದೆ. ಹೇಳದಿದ್ದರೆ ಗಂಟಿನ ಪಕ್ಕದಲ್ಲೇ ಒಳ್ಳೆಯ ಮೂಳೆ ಕೂರಿಸಿದಂತೆ. ನಾಲಿಗೆಗೆ ಏನೂ ತಾಗುವುದಿಲ್ಲ ಎಂದು ನೀವು ಬರೆದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಕಾದೆ. ನೀವು ಬರೆದಿರಿ. ಜೊತೆಗೆ ಕೆನ್ನೆ ದುಂಡಗಾಗಿದೆ, ಅಂಗಿ ಸಡಿಲವಾಗಿದೆ ಎಂದೂ ಬರೆದಿರಿ. ಅಂಗಡಿಯವಳ ಮಾತಿಗೆ ನೀವು ಖುಷಿಪಟ್ಟದ್ದನ್ನು ಓದಿ ನಾನು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇವತ್ತು ಮೇಡಂ ಮುಂದೆ ಎಲ್ಲ ಹೇಳಿದೆ, ನೀವು ನನಗೆ ಏನಾಗಬೇಕೆಂದೂ ಹೇಳಿದೆ. ಅವರು ಬೈಯಲಿಲ್ಲ. "ಹದಿನಾರು ದಿನ ರೀ" ಎಂದರು, ಅಷ್ಟೇ. ಆಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿದರು. ಜುಲೈ ಎರಡಕ್ಕೆ ಮೂಳೆ ಕೂರಿಸುವುದಿಲ್ಲ. ಅವತ್ತು ಕೆನ್ನೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಫಲಿತಾಂಶ ನೋಡಿ ಮುಂದಿನದು.

ನಿಮ್ಮ ಕೆಲಸವನ್ನು ನನ್ನಿಂದ ತೆಗೆದಿದ್ದಾರೆ.

ಬೈಯಬೇಕೆನಿಸಿದರೆ ಬೈಯಿರಿ. ಉತ್ತರ ಮಾತ್ರ ಬರೆಯಿರಿ.

ಗಡಿಬಿಡಿ

* * *

ಜೂನ್ 26, ಸಂಜೆ ಐದೂವರೆ, ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣ

ಪ್ರೀತಿಯ ಗಡಿಬಿಡಿಗೆ,

ಕೊರಿಯರ್‌ನವನು ನಿನ್ನೆ ಸಂಜೆ ಬಂದ. ನೀನು ಹೇಳಿದಂತೆ ಕೂತು ಓದಿದೆ, ಓದಿ ಮುಗಿಸಿ ಬಾಯಿಗೆ ಕೈ ಹಾಕಿ ಆ ನೆರಳನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟೆ.

ಅದು ಬಟ್ಟೆ. ನಿನ್ನ ಅಣ್ಣನ ಹಳೆಯ ಬನಿಯನ್ನಿನದು, ಕುದಿಸಿ ಒಣಗಿಸಿದ ಮೆತ್ತನೆಯ ಬಟ್ಟೆ. ಮೂಳೆ ತೆಗೆದ ಮೇಲೆ ಕೆನ್ನೆ ಗುಳಿಬಿದ್ದಿತ್ತಲ್ಲ, ಹೊರಗೆ ಹೋಗಲು ನಾನು ಒಪ್ಪುತ್ತಿರಲಿಲ್ಲ. ಆಗ ಅವರೇ ಈ ಉಪಾಯ ಹುಡುಕಿದ್ದು. ದಿನಾ ಬೆಳಿಗ್ಗೆ ಬಟ್ಟೆ ಮಡಿಸಿ ಕೊಡುತ್ತಿದ್ದರು, ನಾನು ಕೆನ್ನೆಯೊಳಗೆ ಇಟ್ಟುಕೊಂಡ ಮೇಲೆ ಬಾಗಿಲ ತನಕ ಹಿಂದೆ ಸರಿದು ನಿಂತು ನೋಡುತ್ತಿದ್ದರು. "ಸ್ವಲ್ಪ ಜಾಸ್ತಿಯಾಯ್ತು, ಒಂದು ಮಡಿಕೆ ತೆಗಿ. ಹಾಂ, ಸಾಕು" ಎನ್ನುತ್ತಿದ್ದರು. ಸಾಕು ಎಂದ ಮೇಲೆ ನಾನು ಅಂಗಡಿ ಬಾಗಿಲು ತೆರೆಯುತ್ತಿದ್ದೆ.

ಅವರು ಹೋದ ಮೇಲೆ ನಾನೇ ಮಡಿಸಿಕೊಳ್ಳುತ್ತಿದ್ದೆ. ಕನ್ನಡಿಯಲ್ಲಿ ನನಗೆ ಯಾವಾಗಲೂ ಕಡಿಮೆಯೆಂದೇ ಕಾಣುತ್ತಿತ್ತು. ನಿನ್ನೆ ಬಿಚ್ಚಿ ನೋಡಿದೆ. ಅವರು ಇಡಿಸುತ್ತಿದ್ದದ್ದು ಮೂರು ಮಡಿಕೆ. ಈಗ ಏಳು. ಸಾಕು ಅನ್ನುವವರಿಲ್ಲದೆ ಹನ್ನೊಂದು ತಿಂಗಳಲ್ಲಿ ನಾಲ್ಕು ಮಡಿಕೆ ಏರಿತ್ತು, ನನಗೇ ತಿಳಿದಿರಲಿಲ್ಲ. ನಿನ್ನ ಮೂರು ಮಿಲಿಮೀಟರು ಅದೇ ಇರಬೇಕು. ಒಳಗೆ ಉಣ್ಣೆಯ ಅಂಗಿ ಹಾಕಿಕೊಂಡು ಬಂದು ಕೋಟಿಗೆ ಅಳತೆ ಕೊಡುವ ಗಿರಾಕಿಗಳನ್ನು ನಾನು ಎಷ್ಟು ಜನರನ್ನು ಬೈದಿಲ್ಲ.

ಇವತ್ತು ಮೊದಲ ಬಸ್ಸಿಗೆ ಬಂದೆ. ಬಟ್ಟೆಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ.

"ಏನಮ್ಮಾ ಇದು?" ಎಂದರು.

"ಕೆನ್ನೆ" ಎಂದೆ. ಅವರಿಗೆ ತಿಳಿಯಲಿಲ್ಲ. ನರ್ಸಿಗೆ ತಿಳಿಯಿತು. "ಕೆನ್ನೆಯಂತೆ ಸಾರ್" ಎಂದಳು. ಮುಂದಿನ ನನ್ನ ಮಾತನ್ನೂ ಅವಳೇ ಬಿಡಿಸಿ ಹೇಳಿದಳು.

ಡಾಕ್ಟರು ಅದನ್ನು ಚಿಮಟದಲ್ಲಿ ಎತ್ತಿ ತಿರುಗಿಸಿ ನೋಡಿದರು. "ನಿಮ್ಮ ಬಾಯಿ ನಾನು ಇಷ್ಟು ಸಲ ನೋಡಿದ್ದೀನಲ್ಲ?"

"ನಿಮ್ಮ ಬಾಗಿಲ ಹತ್ರ ತೆಗೆದು ಚೀಲಕ್ಕೆ ಹಾಕ್ಕೊಳ್ತಿದ್ದೆ."

"ಸ್ಕ್ಯಾನ್ ದಿನ ಯಾಕೆ ತೆಗೀಲಿಲ್ಲ?"

"ನೀವು ನನ್ನ ಮುಖ ನೋಡಿದವರು. ಅವರು ಹೊಸಬರು."

ಅವರು ಬಟ್ಟೆಯನ್ನು ಟ್ರೇಗೆ ಹಾಕಿದರು. ಆಮೇಲೆ, "ಬಟ್ಟೆ ಇತ್ತು ಅಂದ ಮಾತ್ರಕ್ಕೆ ಗಂಟಿಲ್ಲ ಅಂತ ಆಗಲ್ಲಮ್ಮಾ. ಎರಡೂ ಇರಬಹುದು. ಮತ್ತೆ ಸ್ಕ್ಯಾನ್ ಮಾಡ್ಲೇಬೇಕು" ಎಂದರು. ನನ್ನ ಗಲ್ಲದ ಕೆಳಗಿದ್ದ ಅಂಟುಪಟ್ಟಿಯನ್ನು ಕಿತ್ತರು. ಚರ್ಮ ಚೆನ್ನಾಗಿದೆ ಎಂದು ನಿನಗೆ ಬರೆದದ್ದು ನನ್ನ ಸುಳ್ಳು. ಸಾಸಿವೆಯಷ್ಟು ಲೋಹ ಹೊರಗೆ ಕಾಣಿಸಿಕೊಂಡು ಎಂಟು ದಿನವಾಗಿದೆ. "ಕೀವಿಲ್ಲ. ಒಂದು ವಾರ ತಡೀಬಹುದು, ಅದಕ್ಕಿಂತ ಹೆಚ್ಚಿಲ್ಲ" ಎಂದರು.

ಸ್ಕ್ಯಾನ್ ಕೋಣೆಯಲ್ಲಿ ಅದೇ ಮನುಷ್ಯ. "ಈ ಸಲ ಬಾಯಲ್ಲಿ ಏನೂ ಇಲ್ಲ ತಾನೇ?" ಎಂದ. ಬಾಯಿ ತೆರೆದು ತೋರಿಸಿದೆ. ಅವನು ನನ್ನ ಗುಳಿಬಿದ್ದ ಕೆನ್ನೆಯನ್ನು ನೋಡಿದ. ನೋಡಿ, ತಲೆಯ ಕೆಳಗಿನ ದಿಂಬು ಸರಿಮಾಡಿದ. ಅಷ್ಟೇ ಆಯಿತು. ಇಷ್ಟಕ್ಕೆ ನಾನು ಎರಡು ವರ್ಷ ಹೆದರಿದ್ದೆ. ಯಂತ್ರದೊಳಗೆ ನಿನ್ನ ಅಣ್ಣನ ಚಪ್ಪಲಿಯ ನೆನಪಾಯಿತು. ಆದರೂ ಅಲ್ಲಾಡಲಿಲ್ಲ.

ಹದಿನಾರು ದಿನ ನೀನು ಒಬ್ಬಳೇ ಅದನ್ನು ಹೊತ್ತುಕೊಂಡಿದ್ದೆಯಲ್ಲ, ನನ್ನ ಒಂದು ನಾಚಿಕೆಯಿಂದ. ಬೈಯುವುದಾದರೆ ನೀನು ನನ್ನನ್ನು ಬೈಯಬೇಕು.

ಎರಡೂ ಇರಬಹುದು ಎಂದರಲ್ಲ, ಆ ಮಾತು ಕಿವಿಯಿಂದ ಹೋಗುತ್ತಿಲ್ಲ. ವರದಿ ನಾಳೆ ಹನ್ನೊಂದಕ್ಕೆ ಸಿಗುತ್ತದೆ. ಇದನ್ನು ನಾನೂ ಕೊರಿಯರ್‌ನಲ್ಲೇ ಕಳಿಸುತ್ತೇನೆ.

ನಿನ್ನ ಅತ್ತಿಗೆ

* * *

ಜೂನ್ 28

ಅತ್ತಿಗೆಗೆ,

ನಿಮ್ಮ ಪತ್ರಕ್ಕಿಂತ ಮೊದಲು ಚಿತ್ರಗಳು ಬಂದವು. ನಿನ್ನೆ ಮಧ್ಯಾಹ್ನ ಪಕ್ಕದ ಮೇಜಿನವನು ತೆರೆದ. ಈಗ ನಿಮ್ಮ ಕೆಲಸ ಅವನದು, ನಾನು ನೋಡುವಂತಿಲ್ಲ. ಅವನು ಸುಮ್ಮನೆ ಸಂಖ್ಯೆಯನ್ನು ಒಂದು ಸಲ ಓದಿದ, ಎರಡು ಸಲ ಓದಿದ, ಮೂರನೆಯ ಸಲ ಜೋರಾಗಿ ಓದಿದ. "ರೀ ದರ್ಜಿ, ಇದು ಬೇರೆ ಯಾರದ್ದೋ ಬಂದಿದೆ ಅನ್ಸುತ್ತೆ, ನೆರಳೇ ಇಲ್ಲ" ಎಂದ. ಮೇಡಂ ಬಂದು ನೋಡಿದರು. ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ಹೋಲಿಸಿದರು. ಅದೇ ಪಟ್ಟಿ, ಅದೇ ಸ್ಕ್ರೂ. ಗಂಟು ಎಲ್ಲೂ ಇಲ್ಲ. ಎಲ್ಲಿ ಹೋಯಿತೆಂದು ನಮಗೆ ಮೂವರಿಗೂ ತಿಳಿಯಲಿಲ್ಲ. ಸಂಜೆ ಆಸ್ಪತ್ರೆಯಿಂದ ವರದಿ ಬಂತು, ಏನೂ ಇಲ್ಲವೆಂದು ಅವರೂ ಬರೆದಿದ್ದರು. ಆದರೂ ನನಗೆ ನಂಬಿಕೆ ಬರಲಿಲ್ಲ. ಇವತ್ತು ಬೆಳಿಗ್ಗೆ ನಿಮ್ಮ ಪತ್ರ ಬಂತು.

ಈ ಎರಡು ವರ್ಷದಲ್ಲಿ ನಾನು ಮೂರು ಸಲ ನಿಮ್ಮ ಮನೆಗೆ ಬಂದಿದ್ದೆ. ನಿಮ್ಮ ಎದುರಿಗೇ ಕೂತು ಊಟ ಮಾಡಿದ್ದೆ. ದಿನವಿಡೀ ಜನರ ದವಡೆ ನೋಡುವುದೇ ನನ್ನ ಕಸುಬು, ನಿಮ್ಮ ಮುಖ ಮಾತ್ರ ನಾನು ನೋಡಿರಲಿಲ್ಲ.

ಹಲ್ಲುಗಳು ಈಗ ಸರಿಯಾಗಿ ಕೂಡುತ್ತವೆ. ಅವನು ಇವತ್ತು ಇಡೀ ದಿನ ಕೂತು ಹೊಸ ಲೆಕ್ಕ ಹಾಕಿದ, ಡಾಕ್ಟರು ಒಪ್ಪಿದರು. ಅಚ್ಚು ಈಗ ಯಂತ್ರದಲ್ಲಿದೆ, ನಾಳೆ ಹೊರಡುತ್ತದೆ. ಶಸ್ತ್ರಚಿಕಿತ್ಸೆ ಜುಲೈ ಎರಡಕ್ಕೇ. ನನ್ನನ್ನು ಮೂರು ತಿಂಗಳು ಬರೀ ಸಂಖ್ಯೆ ಪರಿಶೀಲಿಸುವ ಕೆಲಸಕ್ಕೆ ಹಾಕಿದ್ದಾರೆ. ಆಗಲಿ. ರಜೆ ಕೇಳಿದೆ, ಕೊಟ್ಟರು. ಒಂದನೇ ತಾರೀಖು ಸಂಜೆ ಹೊರಡುತ್ತೇನೆ.

ನಿಮ್ಮ,
ಗಡಿಬಿಡಿ

* * *

ಜುಲೈ 1, ಸಂಜೆ ಐದು, ವಾರ್ಡು

ಪ್ರೀತಿಯ ಗಡಿಬಿಡಿಗೆ,

ಬೆಳಿಗ್ಗೆ ಹತ್ತಕ್ಕೆ ಸೇರಿಸಿಕೊಂಡರು. ರಕ್ತ ತೆಗೆದರು. ಅರಿವಳಿಕೆ ಕೊಡುವ ಡಾಕ್ಟರು ಬಂದು ಎಷ್ಟು ಬಾಯಿ ತೆರೆಯುತ್ತದೆಂದು ಬೆರಳಿಟ್ಟು ನೋಡಿದರು. ಎಡಗಾಲಿನ ಮೇಲೆ ನೀಲಿ ಪೆನ್ನಿನಲ್ಲಿ ಉದ್ದಕ್ಕೆ ಗೆರೆ ಎಳೆದಿದ್ದಾರೆ. ಗೆರೆ ನೇರವಾಗಿದೆ.

ಪಕ್ಕದ ಹಾಸಿಗೆಯಲ್ಲಿ ಸೊಂಟ ಮುರಿದ ಅಜ್ಜಿಯೊಬ್ಬರಿದ್ದಾರೆ. "ಕಾಲಿನ ಮೂಳೆ ಬಾಯಿಗಂತೆ? ಇನ್ಮೇಲೆ ಜಾಸ್ತಿ ಮಾತಾಡಬೇಡ ತಾಯಿ, ಮಂಡಿ ನೋವು ಬರುತ್ತೆ" ಎಂದರು. ನಕ್ಕೆ. ನಗುವಾಗ ಕೈ ಅಡ್ಡ ಹಿಡಿಯಲು ಮರೆತಿದ್ದೆ. ಬಟ್ಟೆ ಇಡಬಾರದೆಂದು ಡಾಕ್ಟರು ಹೇಳಿದ ಮೇಲೆ ಐದು ದಿನ ಹೀಗೇ ಓಡಾಡಿದ್ದೇನೆ. ಮೊದಲ ದಿನ ದಿನಸಿ ಅಂಗಡಿಯವಳು ನೋಡಿ ಬೆಚ್ಚಿದಳು. ಮರುದಿನ ಚಿಲ್ಲರೆ ಇಲ್ಲವೆಂದು ಎಂದಿನಂತೆ ಗೊಣಗಿದಳು.

ಮಧ್ಯಾಹ್ನ ಡಾಕ್ಟರು ನಿಮ್ಮಲ್ಲಿಂದ ಬಂದ ಮಾದರಿಯನ್ನು ತಂದರು. ನನ್ನದೇ ದವಡೆ, ಬಿಳಿ ಪ್ಲಾಸ್ಟಿಕ್ಕಿನಲ್ಲಿ, ಎಡಗಡೆ ತುಂಬಿದ್ದು. ಕೈಗೆ ಕೊಟ್ಟರು. ಟೇಪು ಚೀಲದಲ್ಲೇ ಇತ್ತು, ಎರಡೂ ಕಡೆ ಹಿಡಿದು ನೋಡಲೇ ಎನಿಸಿತು. ನೋಡಲಿಲ್ಲ, ವಾಪಸು ಕೊಟ್ಟೆ. ಬೇರೆಯವರ ಕೈಯ ಕಟಿಂಗನ್ನು ನಾನು ಅಳೆಯದೆ ಬಿಟ್ಟದ್ದು ಇದೇ ಮೊದಲು.

ಹತ್ತು ಗಂಟೆ ಹಿಡಿಯಬಹುದು ಎಂದರು. ಕಾಲಿನಿಂದ ಬಂದ ರಕ್ತನಾಳವನ್ನು ಕುತ್ತಿಗೆಯದಕ್ಕೆ ಜೋಡಿಸಬೇಕಂತೆ, ಅದು ಹಿಡಿದರೆ ಮೂಳೆ ಉಳಿಯುತ್ತದೆ, ಹಿಡಿಯದಿದ್ದರೆ ಇಲ್ಲ. ಮೂರು ದಿನ ಕಾದು ನೋಡಬೇಕು. ನಿನಗೆ ಇದೆಲ್ಲ ಗೊತ್ತಿರುತ್ತದೆ, ನನಗೆ ಹೇಳಿರಲಿಲ್ಲ. ಇನ್ನು ಮೇಲೆ ಹೇಳು. ಮುಖ ತುಂಬಾ ಊದಿರುತ್ತದಂತೆ. ನೋಡಿ ಅಳಬೇಡ, ಚೆನ್ನಾಗಿದೆ ಎಂದು ಸುಳ್ಳೂ ಹೇಳಬೇಡ.

ಇದಕ್ಕೆ ಅಂಚೆಚೀಟಿ ಹಚ್ಚಿಲ್ಲ, ನರ್ಸಿನ ಕೈಗೆ ಕೊಡುತ್ತೇನೆ. ನಿನ್ನ ಬಸ್ಸು ನಾಳೆ ಒಂಬತ್ತಕ್ಕೆ ಬರುತ್ತದೆ. ನನ್ನನ್ನು ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ.

ನಿನ್ನ ಅತ್ತಿಗೆ